ಖಾಡಿಯ ಕೆಸರಿನ ನೆರೆಹೊರೆ

ತೊಂಬತ್ತರ ದಶಕದಲ್ಲಿ ಠಾಣೆ ನಗರದ ಕಾಲೇಜಿನಲ್ಲಿ ನಮಗೆ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತಿದ್ದ ಮೇಡಂ ಉಡುಪಿ ಕಡೆಯವರು. ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆ ಕೈಗೆ ಬಂದರೆ ಕನ್ನಡಕವನ್ನು ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು, "ಪಕ್ಕದಲ್ಲಿ ಯಾರುಂಟು, ಮೊದಲು ಅದು ನೋಡು" ಎನ್ನುತ್ತಿದ್ದರು.

ಮುಂಬ್ರಾ ಬಳಿ, ಸಮುದ್ರದ ನೀರು ನುಗ್ಗಿ ಬರುವ ಖಾಡಿಯ ಕೆಸರಿನಲ್ಲಿರುವ ಒಂದು ಬ್ಯಾಕ್ಟೀರಿಯಾ, ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಪ್ರತಿಜೀವಕವನ್ನು ಸ್ರವಿಸುತ್ತದೆಂದು ತೋರಿಸುವುದು ನನ್ನ ಪ್ರಾಜೆಕ್ಟ್ ಆಗಿತ್ತು. ತಪ್ಪಾಗಬಾರದೆಂಬ ಭಯದಿಂದ ನಾನು ಅದನ್ನು ಮತ್ತೆ ಮತ್ತೆ ಶುದ್ಧಗೊಳಿಸಿ ಒಂಟಿಯಾಗಿಯೇ ಬೆಳೆಸಿದೆ. ಅದು ಏನನ್ನೂ ಸ್ರವಿಸಲಿಲ್ಲ. ಮೌಖಿಕ ಪರೀಕ್ಷೆ ಹತ್ತಿರವಾಗಿತ್ತು. ನಮ್ಮ ಮನೆತನದ ಮೊದಲ ಪದವಿ ಅಲ್ಲಿಯೇ ನಿಲ್ಲುವಂತಿತ್ತು.

"ಮೇಡಂ, ಇದು ಏನೂ ಮಾಡವಲ್ದರಿ."

"ಒಂದೇ ಇದ್ದರೆ ಯಾರ ಹತ್ತಿರ ಜಗಳ ಮಾಡುವುದು ಮಾರಾಯ? ನೆರೆಯವರನ್ನು ತಾ."

ಅದೇ ಕೆಸರಿನ ಇನ್ನೊಂದು ಬ್ಯಾಕ್ಟೀರಿಯಾವನ್ನು ಪಕ್ಕದಲ್ಲಿ ಬೆಳೆಸಿದೆವು. ಕೆಲವು ದಿನಗಳಲ್ಲಿ ಎರಡರ ನಡುವೆ, ಏನೂ ಬೆಳೆಯದ ತೆಳುವಾದ ಪಟ್ಟಿಯೊಂದು ಮೂಡಿತು; ಪ್ರತಿಜೀವಕ ಸ್ರವಿಸಿದ್ದರ ಗುರುತು ಅದೇ.

"ನೆರೆಯವರನ್ನ ಕೊಂದೇಬಿಡ್ತರಿ ಮೇಡಂ."

"ಎಲ್ಲಿ ಕೊಂದಿತು? ಆಚೆ ಆರಾಮಾಗಿ ಉಂಟಲ್ಲ. ಲೋಕಲ್ ಟ್ರೇನಲ್ಲಿ 'ಥೋಡಾ ಸರ್ಕೋ', ಸ್ವಲ್ಪ ಸರಿಯಿರಿ ಅಂತಾರಲ್ಲ, ಅಷ್ಟೇ. ಹಾಗೆಯೇ ಎಲ್ಲರಿಗೂ ಜಾಗ ಆಗುವುದು."

ನಾನು ಉತ್ತೀರ್ಣನಾದೆ. ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಬಂದರು. ಮೇಡಂ ತಟ್ಟೆಯನ್ನು ಅವರೆದುರು ಹಿಡಿದು, "ನಿಮ್ಮ ಮಗ ಬೆಳೆಸಿದ್ದು" ಎಂದರು.

ಅಪ್ಪ ಬಗ್ಗಿ ನೋಡಿದರು. "ಛಂದ ಬೆಳೆಸ್ಯಾನ್ರಿ. ಏನಂತಾರ್ರಿ ಇದಕ್ಕ?"

"ಇನ್ನೂ ಹೆಸರು ಸಿಕ್ಕಿಲ್ಲ."

"ಇಷ್ಟ್ ದೊಡ್ಡದಾಗೇದ," ಅಪ್ಪ ಗಂಭೀರವಾಗಿ ಹೇಳಿದರು, "ಲಗೂನ ಒಂದ್ ಹೆಸರಿಡ್ರಿ ಮೇಡಂಬಾಯಿ."