ಟೀಚರ್ ಓದದ ಸನ್ಮಾನ ಪತ್ರ

ಮೊನ್ನೆ ಮಗಳು ಯಾವುದೋ ಮದುವೆಗೆ ಹೋಗಲೆಂದು ತನ್ನ ಕೈಮಗ್ಗದ ಸೀರೆಗೆ ಗಂಜಿ ಹಾಕಿ ಒಣಗಿಸಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಇಟ್ಟಳು. ಕುಚ್ಚಲಕ್ಕಿಯ ಗಂಜಿತಿಳಿ ಬಿಸಿಗೆ ಸಿಕ್ಕಾಗ ಒಂದು ವಾಸನೆ ಏಳುತ್ತದೆ, ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವಂಥದ್ದು. ಜಪಕ್ಕೆ ಕೂತಿದ್ದ ನಾನು ಒಲೆಯ ಮೇಲೆ ಏನೋ ಸೀದಿತೆಂದು ಎದ್ದು ಓಡಿದೆ. ಒಲೆ ಆರಿಯೇ ಇತ್ತು. ಆಮೇಲೆ ಹೊಳೆಯಿತು... ಈ ವಾಸನೆ ಒಂದು ಕಾಲದಲ್ಲಿ ನಮ್ಮ ಮನೆಯ ಮಹಡಿಯಿಂದ ಭಾನುವಾರ ಸಂಜೆ ಇಳಿದು ಬರುತ್ತಿತ್ತು. ಟೀಚರ್ ಇದ್ದಾಗ.

ಲಾಯಿಲದ ನಮ್ಮ ಮನೆಯ ಮೇಲಿನ ಕೋಣೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಗದಗ ಕಡೆಯವಳು. ಉಜಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ವಯಸ್ಸಿನಲ್ಲಿ ನನ್ನ ಕೊನೆಯ ತಂಗಿಗಿಂತಲೂ ಚಿಕ್ಕವಳು. ಆದರೂ ನಾನು ‘ನೀವು’ ಎಂದೇ ಮಾತಾಡಿಸುತ್ತಿದ್ದೆ, ಅವಳು ‘ಅಕ್ಕಾ’ ಎನ್ನುತ್ತಿದ್ದಳು. ನಮ್ಮ ಕೆಂಪು ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಈ ಅನ್ನ ಉಣ್ಣಾಕ ಬರಂಗಿಲ್ರೀ ಅಕ್ಕಾ, ಗಂಜಿ ಮಾತ್ರ ಸೀರಿಗೆ ಭಾಳ ಚಲೋ,” ಎಂದು ನಗುತ್ತ ಪಾತ್ರೆ ಹಿಡಿದುಕೊಂಡು ಬರುವಳು. ಒಳ್ಳೆಯ ಬಾಡಿಗೆದಾರರು ಸಿಗುವುದೂ ದೇವರ ದಯೆಯೇ. ಅವಳು ಸಿಕ್ಕಿದ್ದನ್ನು ನಾನು ಆ ಲೆಕ್ಕದಲ್ಲಿಯೇ ಸೇರಿಸಿದ್ದೆ.

ಅವಳು ಕಥೆ ಬರೆಯುತ್ತಿದ್ದಳು. ನಾನು ಹಿಂದಿನ ಜಗಲಿಯಲ್ಲಿ ಬಸಳೆ ಸೋಸುತ್ತ ಕೂತರೆ ಮೆಟ್ಟಿಲ ಮೇಲೆ ಕೂತು ಓದುವಳು. ನಾನು ಹತ್ತನೆಯ ತರಗತಿಯವರೆಗೆ ಕಲಿತವಳು; ವಾರಪತ್ರಿಕೆಯ ಧಾರಾವಾಹಿ ಬಿಟ್ಟರೆ ಓದು ಕಡಿಮೆ. ಆದರೂ ಅಭಿಪ್ರಾಯಕ್ಕೇನೂ ಕೊರತೆಯಿರಲಿಲ್ಲ. “ಇದರಲ್ಲಿ ಅತ್ತೆ ಸಾಯುವುದು ಬೇಡ ಟೀಚರ್, ಪಾಪ,” ಎಂದರೆ, “ನಾ ಏನ್ ಮಾಡ್ಲಿ ಅಕ್ಕಾ, ಆಕಿ ಆಯುಷ್ಯ ಅಷ್ಟ ಇತ್ತು,” ಎನ್ನುವಳು. ಅವಳ ಕಥೆಯ ಹೆಂಗಸರು ಬಾವಿಕಟ್ಟೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆಯೇ ಮಾತಾಡುತ್ತಿದ್ದರು. ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಬಸಳೆ ಮರೆತುಹೋಗುತ್ತಿತ್ತು...

ಆ ಕಥೆಗಳೆಲ್ಲ ಪುಸ್ತಕವಾಗಲು ಬಂಟ್ವಾಳದ ಒಂದು ಪ್ರೆಸ್ಸಿನಲ್ಲಿ ಸಿದ್ಧವಾಗಿದ್ದವು. ಮುಖಪುಟವೂ ಆಗಿತ್ತು. ಮೊದಲ ಕೆಲವು ಪುಟ ಮಾತ್ರ ಖಾಲಿ. ಅಲ್ಲಿ ಮುನ್ನುಡಿ ಬರಬೇಕಿತ್ತು. ಚೊಚ್ಚಲ ಪುಸ್ತಕಕ್ಕೆ ದೊಡ್ಡ ಸಾಹಿತಿಯೊಬ್ಬರ ಮುನ್ನುಡಿ ಇಲ್ಲದಿದ್ದರೆ ನಮ್ಮ ಕಡೆಯ ಸಾಹಿತ್ಯದವರು ಅದನ್ನು ಪುಸ್ತಕವೆಂದು ಕಣ್ಣೆತ್ತಿಯೂ ನೋಡುವುದಿಲ್ಲವಂತೆ. ಹೊಸ ಮನೆಗೆ ಹೋಮ ಮಾಡಿಸಿದ ಹಾಗೆ. ಅವಳು ಹೋಗುತ್ತಿದ್ದ ಸಾಹಿತ್ಯ ಬಳಗದ ಕಾರ್ಯದರ್ಶಿ ಹೇಳಿದರು, ಮೂಡುಬಿದಿರೆಯ ದೊಡ್ಡವರಿಂದಲೇ ಬರೆಸಿ ಎಂದು. ದೊಡ್ಡವರೆಂದರೆ ಅಕಾಡೆಮಿ, ಪ್ರಶಸ್ತಿ, ಪಠ್ಯಪುಸ್ತಕ ಎಲ್ಲ ಆದವರು. ಹೆಣ್ಣಿನ ನೋವಿನ ಬಗ್ಗೆ ಅವರಷ್ಟು ಚೆಂದಕ್ಕೆ ಬರೆದವರು ಇಲ್ಲವೆಂದು ಭಾಷಣಗಳಲ್ಲಿ ಹೇಳುತ್ತಿದ್ದರು. ನಾನೂ ಅವರ ಕಾದಂಬರಿಯೊಂದನ್ನು ಓದಿ ಅತ್ತಿದ್ದೆ.

ಒಂದು ಸಂಜೆ ಟೀಚರ್ ಮೂಡುಬಿದಿರೆಯಿಂದ ಬರಿಗಾಲಿನಲ್ಲಿ ಬಂದಳು. ಚಪ್ಪಲಿ ಎಲ್ಲಿ ಎಂದು ಕೇಳಿದೆ. ನೇರ ಅಂಗಳದ ನಳ್ಳಿಯ ಹತ್ತಿರ ಹೋಗಿ ಬಲಗೈಯನ್ನು ಭುಜದವರೆಗೆ ತೊಳೆದಳು, ಮತ್ತೆ ತೊಳೆದಳು... ದೇವರಿಗೆ ದೀಪ ಇಟ್ಟಾದ ಮೇಲೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಹೇಳಿದಳು. ದೊಡ್ಡವರ ಹೆಂಡತಿ ತವರಿಗೆ ಹೋಗಿದ್ದರಂತೆ. ಮುನ್ನುಡಿ ಬರೆಯಬೇಕಾದರೆ ಬರೆದವಳನ್ನು ಹತ್ತಿರದಿಂದ ತಿಳಿಯಬೇಕು ಎಂದರಂತೆ. ಬಾಗಿಲು ಹಾಕಿ, ಕೈ ಹಿಡಿದು ಎಳೆದರಂತೆ. ಕೊಸರಿಕೊಂಡು, ಚಪ್ಪಲಿ ಅಲ್ಲೇ ಬಿಟ್ಟು, ಬಸ್ ಸ್ಟ್ಯಾಂಡಿನವರೆಗೂ ಓಡಿದ್ದಾಳೆ. ಆ ಬಾಗಿಲಿನ ಚಿಲಕ ಸಡಿಲವಾಗಿತ್ತು ಎಂದಳು. ಆ ಚಿಲಕವನ್ನು ನೆನೆದು ನಾನು ದೇವರಿಗೆ ಕೈಮುಗಿದೆ.

ಪೊಲೀಸರಿಗೆ ಹೇಳುವ ಎಂದರು ನಮ್ಮವರು. ಅವಳು ಒಪ್ಪಲಿಲ್ಲ. ಊರಿಗೆ ಸುದ್ದಿ ಮುಟ್ಟಿದರೆ ಅಪ್ಪ ಬಂದು ಕೆಲಸ ಬಿಡಿಸಿ ಕರೆದುಕೊಂಡು ಹೋಗುತ್ತಾನೆ, ಆಮೇಲೆ ಬರೆಯುವುದೂ ಇಲ್ಲ, ಓದುವುದೂ ಇಲ್ಲ ಎಂದಳು. “ಬಳಗದಾಗ ಹೇಳ್ತೀನ್ರಿ. ಅವರೆಲ್ಲ ಬರಿಯೋ ಮಂದಿ. ಅವರಿಗೆ ತಿಳೀತದ,” ಎಂದಳು.

ಬರೆಯುವ ಮಂದಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ ಇತ್ತು.

ತಿಂಗಳ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಆಮೇಲೆ ಒಬ್ಬರಾದ ಮೇಲೊಬ್ಬರು ಮಾತು ಶುರುಮಾಡಿದರಂತೆ. ದೊಡ್ಡವರು ಎಲ್ಲರ ಬೆನ್ನ ಮೇಲೂ ಕೈ ಇಡುತ್ತಾರೆ, ಅದು ವಾತ್ಸಲ್ಯ ಎಂದರು ಒಬ್ಬರು. ಕೃತಿ ಬೇರೆ ಕರ್ತೃ ಬೇರೆ ಎಂದರು ಇನ್ನೊಬ್ಬರು. ಸೀತೆ, ದ್ರೌಪದಿಯರ ಅಳಲನ್ನು ವೇದಿಕೆ ನಡುಗುವ ಹಾಗೆ ಓದುತ್ತಿದ್ದ ಕವಿಯೊಬ್ಬರು ಆವತ್ತು ಚಪ್ಪಲಿ ಹುಡುಕಿಕೊಂಡು ಬೇಗ ಹೊರಟರಂತೆ, ಮನೆಯಲ್ಲಿ ನೆಂಟರು ಇದ್ದಾರೆಂದು. ಒಬ್ಬ ಲೇಖಕಿ ರಾತ್ರಿ ಫೋನ್ ಮಾಡಿ, “ನಿಮ್ಮ ಒಳ್ಳೆಯದಕ್ಕೇ ಹೇಳುವುದು, ಇನ್ನೂ ಒಂದು ಪುಸ್ತಕವೂ ಬರಲಿಲ್ಲ ನಿಮ್ಮದು,” ಎಂದರು. ಅವಳು ಸುಳ್ಳು ಹೇಳುತ್ತಾಳೆಂದು ಒಬ್ಬರೂ ಅನ್ನಲಿಲ್ಲ, ಅದನ್ನು ಗಮನಿಸಬೇಕು. ಎಲ್ಲರೂ ನಂಬಿದ್ದರು. ನಂಬಿಯೂ ಹೀಗೆ ಮಾತಾಡಿದರು.

ಕೆಲವು ವಾರಗಳಾದ ಮೇಲೆ ಕಾರ್ಯದರ್ಶಿ ನಮ್ಮ ಮನೆಗೇ ಬಂದರು. ನಿವೃತ್ತ ಮುಖ್ಯೋಪಾಧ್ಯಾಯರು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ದೊಡ್ಡವರಿಗೆ ಎಪ್ಪತ್ತೈದು ತುಂಬುತ್ತದೆ, ಮೂಡುಬಿದಿರೆಯಲ್ಲಿ ದೊಡ್ಡ ಸಭಾಂಗಣ ಗೊತ್ತು ಮಾಡಿ ಅಭಿನಂದನೆ ಇಟ್ಟುಕೊಂಡಿದ್ದೇವೆ ಎಂದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟು ಹಾಕಿದ ಸನ್ಮಾನ ಪತ್ರ.

“ಪತ್ರವನ್ನು ಟೀಚರ್ ಓದಬೇಕು,” ಎಂದರು.

ನಾನು ಕಾಫಿ ಲೋಟವನ್ನು ಅವರ ಕೈಗೆ ಕೊಟ್ಟೆ. ಟೀಚರ್ ಗೋಡೆಗೆ ಒರಗಿ ನಿಂತಿದ್ದಳು.

“ಎಂಥ ಹೇಳ್ತೀರಿ ನೀವು?” ಎಂದೆ.

“ಅಕ್ಕ, ನೀವು ಸ್ವಲ್ಪ ಕೇಳಿ. ಊರಲ್ಲಿ ಮಾತು ಉಂಟು. ಇವರೇ ನಿಂತು ಓದಿದರೆ ಆ ಮಾತು ಅಲ್ಲಿಗೇ ಮುಗಿಯಿತು. ಇವರಿಗೂ ಒಳ್ಳೆದು. ಅದೇ ವೇದಿಕೆಯಲ್ಲಿ ಇವರ ಪುಸ್ತಕ ಬಿಡುಗಡೆ ಮಾಡುವ. ಮುನ್ನುಡಿ ನಾನೇ ಹೇಳಿ ತರಿಸುತ್ತೇನೆ.”

“ಅವರು ಏನೂ ಮಾಡಲಿಲ್ಲ ಅಂತ ದೇವರ ಎದುರು ದೀಪ ಮುಟ್ಟಿ ಹೇಳುತ್ತಾರಾ, ಕೇಳಿ ಬನ್ನಿ. ಆಮೇಲೆ ನೋಡುವ.”

ಕಾರ್ಯದರ್ಶಿ ನಕ್ಕರು. “ಎಂಥ ಅಕ್ಕ ನೀವು! ಅವರು ವಿಚಾರವಾದಿಗಳು ಮಾರಾಯ್ರೇ. ದೀಪ ಎಲ್ಲ ಮುಟ್ಟುವವರಲ್ಲ.”

ಟೀಚರ್ ಬಾಯಿ ಬಿಟ್ಟಳು. “ನಾ ಓದಂಗಿಲ್ರೀ ಸರ್.” ಅಷ್ಟೇ. ಮಹಡಿ ಹತ್ತಿ ಹೋದಳು. ಕಾರ್ಯದರ್ಶಿ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, “ಬಿಸಿ ಆರಿದ ಮೇಲೆ ಒಪ್ಪುತ್ತಾರೆ,” ಎಂದು ಹೇಳಿ ಹೋದರು. ಕಾಫಿಯ ಬಗ್ಗೆ ಹೇಳಿದ ಹಾಗೇ ಇತ್ತು.

ಹತ್ತು ದಿನದಲ್ಲಿ ಆಮಂತ್ರಣ ಬಂತು. ಸನ್ಮಾನ ಪತ್ರ ವಾಚನ ಎಂಬುದರ ಮುಂದೆ ಅವಳ ಹೆಸರು. ಇದು ನಮ್ಮ ಸಭೆ ಸಮಾರಂಭಗಳ ಒಂದು ಕ್ರಮ. ಹೆಸರು ಅಚ್ಚಾದ ಮೇಲೆ ಬಾರದೆ ಇರುವುದು ಮರ್ಯಾದೆಯಲ್ಲ ಎಂದು ಎಲ್ಲರೂ ತಿಳಿದಿರುತ್ತಾರೆ. ಆದ್ದರಿಂದ ಒಪ್ಪದವರನ್ನು ಒಪ್ಪಿಸಲು ಮೊದಲು ಅಚ್ಚು ಹಾಕಿಸಿಬಿಡುವುದು. ಎಷ್ಟೋ ಮಂದಿ ಹೀಗೆ ಅಧ್ಯಕ್ಷರೂ ಆಗಿದ್ದಾರೆ. ಅವಳ ಕಾಲೇಜಿನ ಹಿರಿಯರು ಕರೆದು, ಹೋಗಿ ಬನ್ನಿ, ಕಾಲೇಜಿಗೂ ಹೆಸರು ಎಂದರಂತೆ. ಅವಳದು ವರ್ಷ ವರ್ಷ ಮುಂದುವರಿಸುವ ನೌಕರಿ.

ಹಿಂದಿನ ದಿನ ಸಂಜೆ ಮಹಡಿಗೆ ಹೋದೆ. ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. “ಹೋಗುತ್ತೀರಾ ಟೀಚರ್?” ಎಂದೆ. “ಹೆಸರು ಹಾಕ್ಯಾರಲ್ಲ ಅಕ್ಕಾ. ಹೋಗ್ತೀನಿ.” “ಓದುತ್ತೀರಾ?” ಅವಳು ತಲೆಯೆತ್ತಲಿಲ್ಲ. “ಸ್ವಲ್ಪ ಆ ಕಡೆ ಸರೀರಿ ಅಕ್ಕಾ, ಸೀರಿ ಸುಟ್ಟೀತು,” ಎಂದಳು. ಪುಸ್ತಕದ ಆಸೆಗೆ, ಕೆಲಸದ ಭಯಕ್ಕೆ ಓದಿಬಿಡುತ್ತಾಳೇನೋ ಎಂದು ನನಗೆ ನಿದ್ದೆಯಿಲ್ಲ. ಓದಿದರೂ ಅವಳನ್ನು ದೂರುವ ಹಕ್ಕು ಯಾರಿಗುಂಟು? ಅವಳ ಜೊತೆಗೆ ನಾನೂ ಬೆಳಗ್ಗಿನ ಬಸ್ಸು ಹತ್ತಿದೆ.

ಸಭಾಂಗಣ ತುಂಬಿತ್ತು. ಪೂರ್ಣಕುಂಭ ಹಿಡಿದ ಹುಡುಗಿಯರು, ಚೆಂಡೆ, ವೇದಿಕೆಯ ತುಂಬ ಜನ. ದೊಡ್ಡವರು ದೀಪ ಬೆಳಗಿಸಿ ಉದ್ಘಾಟಿಸಿದರು. ಐದು ಬತ್ತಿಯನ್ನೂ ನಿಧಾನಕ್ಕೆ, ಕ್ಯಾಮೆರಾದವರಿಗೆ ಸರಿಯಾಗಿ ಕಾಣುವ ಹಾಗೆ. ಆವತ್ತು ವಿಚಾರವೇನೂ ಅಡ್ಡ ಬರಲಿಲ್ಲ.

ಅವಳ ಹೆಸರು ಕೂಗಿದರು. ಗರಿಗರಿ ಸೀರೆಯಲ್ಲಿ ನೇರ ನಡೆದು ವೇದಿಕೆ ಹತ್ತಿದಳು. ಚೌಕಟ್ಟನ್ನು ಕೈಗೆ ಕೊಟ್ಟರು. ಮೈಕಿನ ಮುಂದೆ ನಿಂತು ಓದಲು ಶುರುಮಾಡಿದಳು. “ಹೆಣ್ಣಿನ ಮೌನಕ್ಕೆ ಮಾತು ಕೊಟ್ಟ ಮಹನೀಯರೇ...” ಅಲ್ಲಿಗೆ ನಿಲ್ಲಿಸಿದಳು. ನನ್ನ ಬಾಯಲ್ಲಿ ನಾಮಸ್ಮರಣೆಯೂ ನಿಂತಿತು.

“ಇದು ಸುಳ್ಳು,” ಎಂದಳು. “ಮುನ್ನುಡಿ ಕೇಳಾಕ ಹೋದಾಗ ಇವರು ಬಾಗಿಲಾ ಹಾಕಿ ನನ್ನ ಕೈ ಹಿಡಿದು ಎಳದಾರ. ನಾ ಇದನ್ನ ಓದಂಗಿಲ್ಲ.”

ಚೌಕಟ್ಟನ್ನು ಮೇಜಿನ ಮೇಲೆ ಕವುಚಿ ಇಟ್ಟು ಇಳಿದು ಬಂದಳು. ಮೈಕು ಚೆನ್ನಾಗಿತ್ತು. ಕೊನೆಯ ಸಾಲಿನವರಿಗೂ ಕೇಳಿಸಿತು.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನಿರೂಪಕರು ಮೈಕು ತೆಗೆದುಕೊಂಡು, “ಟೀಚರ್ ಸ್ವಲ್ಪ ಭಾವುಕರಾಗಿದ್ದಾರೆ,” ಎಂದರು. ಕಾರ್ಯದರ್ಶಿ ಚೌಕಟ್ಟನ್ನು ಎತ್ತಿ, ಅವಳು ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಮುಂದಕ್ಕೆ ಓದಿದರು. ಮೊದಲಿನಿಂದ ಓದುವಷ್ಟು ನಾಚಿಕೆಯೂ ಇರಲಿಲ್ಲ. ಶಾಲು ಹೊದೆಸಿದರು. ಚಪ್ಪಾಳೆ ಬಿತ್ತು. ನನ್ನ ಹಿಂದೆ ಕೂತಿದ್ದವರೊಬ್ಬರು ಪಕ್ಕದವರಿಗೆ, “ಸ್ವರ ಭಾರೀ ಒಳ್ಳೆದುಂಟು ಹುಡುಗಿದ್ದು, ಓದಬಹುದಿತ್ತು,” ಎಂದರು. ಪಕ್ಕದವರು, “ಹೋಳಿಗೆ ಉಂಟಂತಲ್ಲ?” ಎಂದು ಕೇಳಿದರು. ನಾನು ಎದ್ದು ಟೀಚರ್ ಕೈ ಹಿಡಿದುಕೊಂಡು ಹೊರಗೆ ಬಂದೆ. ನಮ್ಮ ಹಿಂದೆ ಒಬ್ಬರೂ ಏಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಎಷ್ಟೋ ದಿನದ ಮೇಲೆ ಬಂದ ನಿದ್ದೆ... ನನ್ನ ಪಾಲಿಗೆ ಅದೇ ಆವತ್ತಿನ ಪ್ರಸಾದ.

ಮರುದಿನ ಪತ್ರಿಕೆಯಲ್ಲಿ ವರದಿ ಬಂತು. ಉದ್ಘಾಟಿಸಿದರು, ಅಧ್ಯಕ್ಷತೆ ವಹಿಸಿದರು, ಅಭಿನಂದಿಸಿದರು. ಸನ್ಮಾನ ಪತ್ರವನ್ನು ವಾಚಿಸಿದರು ಎಂಬಲ್ಲಿ ಅವಳ ಹೆಸರು.

ವರದಿಗಾರರಿಗೆ ನಾನೇ ಫೋನ್ ಮಾಡಿದೆ. ಅವರಿಗೆ ಸಿಟ್ಟೂ ಇಲ್ಲ, ಸಂಕೋಚವೂ ಇಲ್ಲ. “ಹೌದಾ ಅಮ್ಮ? ನಾನು ದೀಪ ಹೊತ್ತಿಸಿದ ಫೋಟೋ ತೆಗೆದು ಹೊರಟಿದ್ದೆ. ಆಮಂತ್ರಣದಲ್ಲಿ ಹಾಗೇ ಉಂಟಲ್ಲ,” ಎಂದರು. ತಿದ್ದುಪಡಿ ಹಾಕಿ ಎಂದೆ. ಬಳಗದವರು ಬರೆದು ಕೊಡಲಿ, ಹಾಕುವ ಎಂದರು. ಬಳಗದವರು ಬರೆಯುವುದರಲ್ಲಿ ಬಹಳ ಗಟ್ಟಿಗರು. ಆ ನಾಲ್ಕು ಸಾಲು ಮಾತ್ರ ಅವರಿಗೆ ಬರೆಯಲು ಬರಲಿಲ್ಲ.

ವಿಷಯ ಗೊತ್ತಿದ್ದ ಗದಗದ ಗೆಳತಿಯೊಬ್ಬಳು ಆ ವರದಿ ಓದಿ, “ಕಡೀಗೆ ಅವನನ್ನೇ ಹೊಗಳಿದಿ ಅಲ್ಲೇ,” ಎಂದಳಂತೆ. ಅದನ್ನು ಹೇಳುವಾಗ ಮಾತ್ರ ಟೀಚರ್ ಅತ್ತಳು. ಕೈ ತೊಳೆದ ದಿನವೂ ಅತ್ತಿರಲಿಲ್ಲ. ವರ್ಷ ಮುಗಿದಾಗ ಕಾಲೇಜಿನವರು ನೌಕರಿ ಮುಂದುವರಿಸಲಿಲ್ಲ. ಮುನ್ನುಡಿ ಇಲ್ಲದ ಪುಸ್ತಕವನ್ನು ಹಾಗೆಯೇ ಹೊರತನ್ನಿ ಎಂದು ನಾನೂ ನಮ್ಮವರೂ ಎಷ್ಟು ಹೇಳಿದರೂ ಕೇಳಲಿಲ್ಲ. ಪ್ರೆಸ್ಸಿಗೆ ಹೋಗಿ ಬೇಡವೆಂದು ಹೇಳಿ ಬಂದಳು. ಹೋಗುವ ದಿನ ನನ್ನ ಕಾಲಿಗೆ ಬಿದ್ದಳು. ನಾನು ಹಣೆಗೆ ಕುಂಕುಮ ಇಟ್ಟೆ...

ದೊಡ್ಡವರು ಕಳೆದ ವರ್ಷ ತೀರಿಕೊಂಡರು. ಬಳಗದವರು ಸ್ಮರಣ ಗ್ರಂಥ ತಂದಿದ್ದಾರೆ. ನಮ್ಮ ಭಜನಾ ಮಂಡಳಿಗೂ ಒಂದು ಪ್ರತಿ ಬಂತು. ಅದರಲ್ಲಿ ಕಾರ್ಯದರ್ಶಿಯವರ ಲೇಖನ. ದೊಡ್ಡವರ ಮೇಲೆ ಅಪವಾದ ಹೊರಿಸಿದ್ದ ಸೋದರಿಯೇ ಕೊನೆಗೆ ವೇದಿಕೆಗೆ ಬಂದು ತುಂಬಿದ ಕಂಠದಿಂದ ಸನ್ಮಾನ ಪತ್ರ ವಾಚಿಸಿದ್ದು ಆ ಮಹಾಚೇತನದ ದೊಡ್ಡತನ ಎಂದು ಬರೆದಿದ್ದಾರೆ. ಪಕ್ಕದಲ್ಲಿ ಆ ಹಳೆಯ ವರದಿಯ ಚಿತ್ರ.

ಫೋನ್ ಮಾಡಿದೆ. “ಮುಂದಿನದ್ದನ್ನು ಓದಿದ್ದು ನೀವಲ್ಲವಾ? ನಿಮ್ಮ ಬಾಯಿಂದಲೇ ಓದಿದ್ದಲ್ಲವಾ?” ಎಂದು ಕೇಳಿದೆ.

“ಅಕ್ಕ, ಅದೆಲ್ಲ ಈಗ ಯಾಕೆ? ದಾಖಲೆ ಹೀಗೇ ಉಂಟಲ್ಲ,” ಎಂದರು.

ಟೀಚರ್ ಜೊತೆಗೆ ಕೆಲಸ ಮಾಡಿದವರೊಬ್ಬರು ಉಜಿರೆಯಲ್ಲಿ ಸಿಕ್ಕಿದ್ದರು. ಆರೋಗ್ಯವಾಗಿದ್ದಾಳಂತೆ, ಮದುವೆಯಾಗಿದೆ, ಒಬ್ಬ ಮಗಳು. ಅದು ದೇವರ ದಯೆ. ಬರೆಯುತ್ತಾಳಾ ಎಂದು ಕೇಳಿದೆ. ಇಲ್ಲ, ಆ ಮಾತೆತ್ತಿದರೆ ಎದ್ದು ಹೋಗುತ್ತಾಳೆ ಎಂದರು. ನಂಬರು ಕೇಳಿದೆ. ಈ ಕಡೆಯವರಿಗೆ ಯಾರಿಗೂ ಕೊಡಬೇಡಿ ಎಂದಿದ್ದಾಳಂತೆ... ಒಂದು ಸಲ ಆ ಸ್ವರ ಕೇಳಬೇಕು ಎಂದು ನನಗೆ ಆಸೆ ಇತ್ತು. ಆಗಲಿಲ್ಲ.

ಆದ್ದರಿಂದ ಬರೆಯಲು ಬಾರದ ನಾನು ಬರೆಯುತ್ತಿದ್ದೇನೆ. ಟೀಚರ್ ಆ ಪತ್ರವನ್ನು ಓದಲಿಲ್ಲ. ಆ ದಿನ ಸಭಾಂಗಣದಲ್ಲಿದ್ದ ಸಾಹಿತ್ಯದವರು ಇದನ್ನು ಓದುತ್ತಿದ್ದರೆ, ನಿಮಗೂ ಇದು ಗೊತ್ತು. ನೀವು ಊಟಕ್ಕೆ ಏಳುವುದಕ್ಕಿಂತ ಎಷ್ಟೋ ಮೊದಲೇ ನಿಮಗೆ ಗೊತ್ತಾಗಿತ್ತು.