ಐರಿನ್ ಬಾಯಮ್ಮನ ಭಾನುವಾರದ ಶುಗರ್

ಕೊರೊನಾ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ನಾನು ಕೊಟ್ಟಾರದ ಒಂದು ಹೋಮ್ ಕೇರ್ ಸಂಸ್ಥೆಯಲ್ಲಿ ಹಿರಿಯ ನರ್ಸ್ ಆಗಿದ್ದೆ. ಮನೆಯಲ್ಲೇ ಇರುವ ರೋಗಿಗಳ ಬಿಪಿ, ಶುಗರ್ ನೋಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಇನ್ಸುಲಿನ್ ಕೊಡುವುದು ನಮ್ಮ ಕೆಲಸ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಕಾರಣ ಗೊತ್ತಾಗದ ಕಾಯಿಲೆ ಕಂಡರಂತೂ ನನಗೆ ಊಟ ಸೇರುವುದಿಲ್ಲ. ಕಾವೂರಿನ ಐರಿನ್ ಬಾಯಮ್ಮ ಹಾಗೆ ನನ್ನ ಊಟ ಕೆಡಿಸಿದವರು.

ಎಂಬತ್ತು ದಾಟಿದ ಕ್ಯಾಥೊಲಿಕ್ ಹೆಂಗಸು. ಸೊಂಟದ ಮೂಳೆ ಮುರಿದ ಮೇಲೆ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದು ನಿಂತಿತ್ತು. ಮಗ ಕುವೈತಿನಲ್ಲಿ, ಮನೆಯಲ್ಲಿ ಜೊತೆಗಿದ್ದವಳು ಸೊಸೆ ಹಿಲ್ಡಾ, ಶಾಲೆಯ ಟೀಚರ್. ವಾರವಿಡೀ ಬೆಳಿಗ್ಗೆ ಇನ್ಸುಲಿನ್ ಕೊಡುತ್ತಿದ್ದವಳು ನಾನು. ನನಗೆ ರಜೆಯಿದ್ದ ಭಾನುವಾರ ಮಾತ್ರ ಹಿಲ್ಡಾ ಕೊಡುತ್ತಿದ್ದಳು. ಬಾಯಮ್ಮನ ಇನ್ಸುಲಿನ್ ಚುಚ್ಚಿದ ಅರ್ಧ ಗಂಟೆಯೊಳಗೆ ತಿಂಡಿ ಆಗಲೇಬೇಕಿತ್ತು. ಇಲ್ಲದಿದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ ಶುರುವಾಗಿ ಕೊನೆಗೆ ಪ್ರಜ್ಞೆಯೇ ತಪ್ಪುತ್ತದೆ. ವೈದ್ಯರು ಇದನ್ನು ಹೈಪೊಗ್ಲೈಸೀಮಿಯಾ ಎನ್ನುತ್ತಾರೆ, ನಾವು ಲೋ ಶುಗರ್ ಎನ್ನುತ್ತೇವೆ.

ಒಂದು ಭಾನುವಾರ ಹಿಲ್ಡಾ ಇಗರ್ಜಿಯಿಂದ ಬರುವಾಗ ಬಾಯಮ್ಮ ಕುರ್ಚಿಯಲ್ಲೇ ವಾಲಿ ಬಿದ್ದಿದ್ದರು. ಆಂಬುಲೆನ್ಸ್, ಗ್ಲುಕೋಸ್ ಡ್ರಿಪ್, ಹೇಗೋ ಬದುಕಿದರು. ಡಾಕ್ಟರು ಇನ್ಸುಲಿನ್ ಪ್ರಮಾಣ ತಗ್ಗಿಸಿದರು. ವಾರವಿಡೀ ಶುಗರ್ ಏರಿಯೇ ಇತ್ತು, ಮುಂದಿನ ಭಾನುವಾರ ಮಾತ್ರ ಮತ್ತೆ ನೆಲಕಚ್ಚಿತು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು.

"ತಿಂಡಿ ಎದುರಿಗಿಟ್ಟೇ ನಾನು ಇಗರ್ಜಿಯ ಪೂಜೆಗೆ ಹೋಗುವುದು ಸಿಸ್ಟರ್," ಎಂದಳು ಹಿಲ್ಡಾ, ಅಳುವ ದನಿಯಲ್ಲಿ. "ಬಂದು ನೋಡುವಾಗ ತಟ್ಟೆ ಖಾಲಿ ಇರ್ತದೆ. ಮತ್ತೆ ಎಂತ ಮಾಡ್ಬೇಕು ನಾನು?"

ಆರು ದಿನ ಕುಸಿಯದ ಶುಗರಿಗೆ ಭಾನುವಾರ ಮಾತ್ರ ಏನಾಗುತ್ತದೆ? ಬಸ್ಸಿನಲ್ಲಿ, ಸ್ನಾನದಲ್ಲಿ, ಮೀನು ಹೆಚ್ಚುವಾಗ ಅದೇ ಯೋಚನೆ. ಮೂರನೆಯ ಭಾನುವಾರ ರಜೆಯನ್ನು ಬದಿಗಿಟ್ಟು ಹೊರಟೇಬಿಟ್ಟೆ.

ನಾನು ತಲುಪುವಾಗ ಹಿಲ್ಡಾ ಇನ್ಸುಲಿನ್ ಕೊಟ್ಟು, ದೋಸೆ ಬಡಿಸಿ, ಹೊರಡುವ ಗಡಿಬಿಡಿಯಲ್ಲಿದ್ದಳು. ನಾನಿದ್ದೇನೆ ಎಂದು ಕಳಿಸಿದೆ. ಬಾಯಮ್ಮನಿಗೆ ನನ್ನನ್ನು ಕಂಡು ಖುಷಿಯೇನೂ ಆಗಲಿಲ್ಲ. ಎದುರಿನ ಮೇಜಿಗೆ ಬಿಳಿ ಬಟ್ಟೆ ಹಾಸಿ ಶಿಲುಬೆ, ಮೇಣದಬತ್ತಿ ಇಟ್ಟಿದ್ದರು. ಇಗರ್ಜಿಗೆ ಬರಲಾಗದವರಿಗೆ ಅಲ್ಲಿನ ಇಬ್ಬರು ಫಾದರ್‌ಗಳಲ್ಲಿ ಒಬ್ಬರು ಭಾನುವಾರ ಮನೆಗೇ ಪರಮಪ್ರಸಾದ ತರುತ್ತಾರೆ. ಪೂಜೆಯಲ್ಲಿ ಯೇಸುವಿನ ಶರೀರವೆಂದು ನಂಬಿ ಸ್ವೀಕರಿಸುವ ತೆಳು ರೊಟ್ಟಿ ಅದು.

ಜಗಲಿಯಲ್ಲಿ ಒಂದು ಫೋನ್ ಮುಗಿಸಿ ಒಳಗೆ ಬಂದೆ. ತಟ್ಟೆ ಖಾಲಿ. ಹಲ್ಲಿಲ್ಲದ ಮುದುಕಿ ಇಷ್ಟು ಬೇಗ ದೋಸೆ ಮುಗಿಸುವುದುಂಟೆ? ಪಕ್ಕದಲ್ಲಿದ್ದ ಹಾಟ್‌ಬಾಕ್ಸ್ ತೆರೆದೆ. ತಟ್ಟೆಯ ದೋಸೆಗಳೂ ಉಳಿದವುಗಳ ಜೊತೆ ಅಲ್ಲೇ ಬೆಚ್ಚಗೆ ಕೂತಿದ್ದವು.

"ಎಂತ ಬಾಯಮ್ಮ ಇದು?"

"ಫಾದರ್ ಬರ್ಲಿ. ಮೊದಲು ದೇವರು, ಆಮೇಲೆ ದೋಸೆ. ಸಣ್ಣದಿರುವಾಗಿನಿಂದ ಹಾಗೆಯೇ."

ಅವರು ಮೊದಲ ಬಾರಿ ಪ್ರಸಾದ ಸ್ವೀಕರಿಸಿದ ಕಾಲದಲ್ಲಿ ಮಧ್ಯರಾತ್ರಿಯಿಂದಲೇ ಏನೂ ತಿನ್ನಬಾರದೆಂಬ ಕಟ್ಟಳೆಯಿತ್ತಂತೆ. ಈಗ ಆರೋಗ್ಯವಂತರಿಗೆ ಒಂದು ಗಂಟೆಯ ಉಪವಾಸ ಸಾಕು, ಕಾಯಿಲೆಯವರಿಗೆ ಅದೂ ಬೇಡ. ಬಾಯಮ್ಮ ಹಳೆಯದನ್ನು ಬಿಟ್ಟಿರಲಿಲ್ಲ. ಮೊದಲು ಫಾದರ್ ಬೇಗ ಬರುತ್ತಿದ್ದುದರಿಂದ ಅದು ನಡೆದುಹೋಗಿತ್ತು. ಈಚೆಗೆ ಹೋಗಬೇಕಾದ ಮನೆಗಳು ಹೆಚ್ಚಾಗಿ ಅವರು ಬರುವುದು ತಡವಾಗುತ್ತಿತ್ತು. ಸೂಜಿ ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು.

ಅಷ್ಟರಲ್ಲಿ ಅವರ ಹಣೆ ಒದ್ದೆಯಾಗಿ, ಜಪಸರ ಹಿಡಿದ ಕೈ ನಡುಗತೊಡಗಿತು. ಗ್ಲುಕೋಮೀಟರಿನಲ್ಲಿ ನೋಡಿದರೆ 54. ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು. ಗ್ಲುಕೋಸ್ ನೀರು ಕಲಸಿ ತಂದೆ. ತುಟಿ ಬಿಗಿದರು. ಫಾದರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಕುಡಿಯಿರಿ ಬಾಯಮ್ಮ, ಪಾಪ ಇಲ್ಲ. ನಾನು ಬರ್ತಾ ಇದ್ದೇನೆ," ಎಂದರು ಅವರು.

"ಫಾದರ್ ಒಳ್ಳೆಯವರು. ಮುದುಕಿ ಅಂತ ಪಾಪ ಕಂಡು ಹೇಳ್ತಾರೆ," ಎಂದು ಬಾಯಮ್ಮ ಮುಖ ತಿರುಗಿಸಿದರು.

ನನಗೆ ಕೆಂಡದಂಥ ಸಿಟ್ಟು ಬಂತು, ಭಯವೂ. ಎಚ್ಚರವಿರುವ ರೋಗಿಗೆ ಬಲವಂತವಾಗಿ ಕುಡಿಸುವ ಹಕ್ಕು ನಮಗಿಲ್ಲ. ಎಚ್ಚರ ತಪ್ಪಿದ ಮೇಲೆ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಆಂಬುಲೆನ್ಸಿಗೆ ಹೇಳಿ, ಗೇಟಿಗೂ ಕುರ್ಚಿಗೂ ನಡುವೆ ಶತಪಥ ಹಾಕಿದೆ. ಆಗ ಯಾಕೋ ನನ್ನ ಅಪ್ಪನ ನೆನಪಾಯಿತು. ನಾವು ಬೆಂಗ್ರೆಯ ಮೊಗವೀರರು. ಎಷ್ಟೇ ಅವಸರವಿರಲಿ, ಕಡಲ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅಪ್ಪ ದೋಣಿ ಹತ್ತಿದವರಲ್ಲ. ಮೊದಲು ದೋಣಿ ಹತ್ತಿ ಎಂದು ಯಾರಾದರೂ ಬೈದಿದ್ದರೆ ಅಪ್ಪ ಹತ್ತುತ್ತಿದ್ದರೇ? ಬಾಯಮ್ಮನ ಎದುರು ಮೊಣಕಾಲೂರಿ ಕೂತೆ.

"ಬಾಯಮ್ಮ, ಕಳೆದೆರಡು ವಾರ ಪ್ರಸಾದ ಸಿಕ್ಕಿತಾ ನಿಮಗೆ?"

ಇಲ್ಲವೆಂದು ತಲೆಯಾಡಿಸಿದರು.

"ಪ್ರಜ್ಞೆ ಇಲ್ಲದವರಿಗೆ ಫಾದರ್ ಪ್ರಸಾದ ಕೊಡ್ಲಿಕ್ಕಿಲ್ಲ. ವಾಪಸ್ ತಕೊಂಡು ಹೋಗ್ತಾರೆ. ದೇವರು ಬಾಗಿಲವರೆಗೆ ಬಂದು ಇವತ್ತೂ ಹಾಗೇ ಹೋಗಬೇಕಾ? ಎಚ್ಚರ ಇದ್ದು ಅವರನ್ನು ಒಳಗೆ ಕರೀಲಿಕ್ಕೆ ಯಾರುಂಟು ಇಲ್ಲಿ?"

ಅವರು ಮೇಣದಬತ್ತಿಯನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ತುಟಿ ತೆರೆದರು. ಒಂದೊಂದೇ ಗುಟುಕು ಕುಡಿಸಿದೆ.

ಆಂಬುಲೆನ್ಸಿನವರು ಬಂದು ಪರೀಕ್ಷಿಸುವಾಗ ಶುಗರ್ ಏರಿತ್ತು, ಮಾತೂ ಸ್ಪಷ್ಟವಾಗಿತ್ತು. ಅವರ ಬೆನ್ನಿಗೇ ಫಾದರ್ ಬಂದರು. "ನಾನು ಮೊದಲು ಗ್ಲುಕೋಸ್ ಕುಡಿದೆ ಫಾದರ್," ಎಂದು ಬಾಯಮ್ಮ ಮಗುವಿನ ಹಾಗೆ ಅತ್ತರು. "ನನ್ನನ್ನು ಕಾಯ್ಲಿಕ್ಕೇ ಅಲ್ವಾ ಕುಡಿದದ್ದು?" ಎಂದು ಫಾದರ್ ಅವರ ತಲೆ ಮುಟ್ಟಿದರು. ಪ್ರಸಾದ ಸ್ವೀಕರಿಸುವಾಗ ಆ ಮುಖ ನೋಡಬೇಕಿತ್ತು. ನನ್ನ ದೇವರು ಬೇರೆ, ಆದರೂ ನಾನು ಎದ್ದು ನಿಂತುಬಿಟ್ಟೆ.

ಭಾನುವಾರಗಳಂದು ಬೆಳಿಗ್ಗೆಯೇ ಮೊದಲು ಅವರ ಮನೆಗೆ ಬರಲು ಫಾದರ್ ಒಪ್ಪಿದರು. ಆ ದಿನ ಪ್ರಸಾದವಾದ ಮೇಲೆಯೇ ಸೂಜಿ ಮತ್ತು ತಿಂಡಿ ಎಂದು ಡಾಕ್ಟರು ಬದಲಿಸಿದರು. ಅಂದಿನಿಂದ ಹೊಸ ರೋಗಿಯ ಮನೆಗೆ ಹೋದರೆ ನನ್ನ ಮೊದಲ ಪ್ರಶ್ನೆ ಔಷಧಿಯದಲ್ಲ. ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತೀರಿ, ಎಂದು ಕೇಳುತ್ತೇನೆ. ನಮಾಜು, ಸೋಮವಾರದ ಒಪ್ಪೊತ್ತು, ತುಳಸಿಗೆ ನೀರು, ಏನಿದ್ದರೂ ಹೇಳಲಿ. ಮನುಷ್ಯ ಯಾವುದನ್ನು ಮೊದಲಿಗಿಟ್ಟಿದ್ದಾನೆಂದು ತಿಳಿಯದೆ ಅವನ ಔಷಧಿಯ ಹೊತ್ತು ಗೊತ್ತುಮಾಡಲಾಗದು ಎಂಬುದನ್ನು ಕೆಲಸ ನನಗೆ ಕಲಿಸಿತು.

ಮುಂದಿನ ಭಾನುವಾರವೂ ಮನೆಯಲ್ಲಿ ಕೂರಲಾಗದೆ ಕಾವೂರಿಗೆ ಓಡಿದೆ. ಫಾದರ್ ಬಂದು ಹೋದರು. ಬಾಯಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಸಿರಿಂಜ್ ಹಿಡಿದು ನಾನು ಚಡಪಡಿಸುತ್ತಿದ್ದೆ. ಕೊನೆಗೆ ಅವರೇ ಕಣ್ಣು ಬಿಟ್ಟು ತೋಳು ಚಾಚಿದರು.

"ಹ್ಞಾಂ, ಈಗ ನಿನ್ನ ಸರದಿ ಮಾರಾಯ್ತಿ."