ಬದಲಿಗೆ ನಿಲ್ಲುವವರು

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ಗಟ್ಟಿ ಹಾಲು ತಂದ ದಿನ, ಇವನಿಗೆ ನನ್ನಿಂದ ಏನೋ ಆಗಬೇಕಿದೆ ಎಂದುಕೊಳ್ಳುವವಳು ನಾನು. ಇಂಥವಳಿಗೆ ಸಿಕ್ಕ ಕೆಲಸವೋ, ಬೇರೆಯವರಲ್ಲಿ ನಂಬಿಕೆ ಹುಟ್ಟಿಸುವುದು. ಕಚೇರಿಗೋ ಕಾರ್ಖಾನೆಗೋ ಹೊಸ ಯಂತ್ರ, ಹೊಸ ಪದ್ಧತಿ ಬಂದಾಗ ಕೆಲಸಗಾರರನ್ನು ಕೂರಿಸಿಕೊಂಡು, ಹೆದರಬೇಡಿ ಎಂದು ಹೇಳಿ ಅದಕ್ಕೆ ಒಗ್ಗಿಸುತ್ತೇನೆ. ಇದೂ ಒಂದು ಕೆಲಸವೇ ಎಂದು ಚಾಮರಾಜನಗರದ ನಮ್ಮ ಬೀದಿಯಲ್ಲಿ ಕೇಳದವರಿಲ್ಲ.

ಹೋದ ವರ್ಷ ಗುಂಡ್ಲುಪೇಟೆ ಕಡೆಯ ಒಂದು ಚೆಂಡುಹೂವಿನ ಕಾರ್ಖಾನೆಯವರು ಕರೆದರು. ಹೂವನ್ನು ಗುಂಡಿಯಲ್ಲಿ ತುಂಬಿ ಹುದುಗು ಬರಿಸಿ, ಒಣಗಿಸಿ, ಬಣ್ಣ ತೆಗೆಯಲು ಕಳಿಸುವ ಜಾಗ. ಕೆಲಸದವರೆಲ್ಲ ತೆರಕಣಾಂಬಿ ಸುತ್ತಿನ ಹಳ್ಳಿಗಳ ಹೆಂಗಸರು. ಹಾಜರಿಗೆಂದು ಮುಖ ಗುರುತಿಸುವ ಯಂತ್ರ ತಂದಿದ್ದರು. ಹೆಂಗಸರು ಅದರ ಮುಂದೆ ನಿಲ್ಲಲು ಒಪ್ಪುತ್ತಿರಲಿಲ್ಲ. ಮ್ಯಾನೇಜರು ಹೊಸಬರು, ಮಾತು ಬೆಣ್ಣೆ. "ಅವರ ಭಯ ಬಿಡಿಸಿ ಮೇಡಂ, ಅಷ್ಟೇ," ಎಂದರು. ಅಷ್ಟೇ ಎನ್ನುವವರನ್ನು ನಾನು ಎಂದೂ ನಂಬಿದವಳಲ್ಲ.

ಮೊದಲ ದಿನ ಎಲ್ಲರೂ ತಲೆಯಾಡಿಸಿದರು. "ಆಯ್ತು ಕನ ಮೇಡಮ್ಮ, ನಿಂತ್ಕತೀವಿ." ಮರುದಿನ ನೋಡಿದರೆ, ಹೂವಿನ ಘಾಟಿಗೆ ಒಳಗೆ ಕಟ್ಟಿಕೊಳ್ಳುವ ಟವೆಲನ್ನು ಗೇಟಿನಲ್ಲೇ ಕಣ್ಣಿನವರೆಗೆ ಬಿಗಿದುಕೊಂಡು ಬಂದಿದ್ದರು. ಯಂತ್ರ ಯಾರನ್ನೂ ಗುರುತಿಸಲಿಲ್ಲ. ಬಿಚ್ಚಿ ಎಂದರೆ ಒಬ್ಬಳಿಗೆ ನೆಗಡಿ, ಉಳಿದವರಿಗೆಲ್ಲ ಹಲ್ಲುನೋವು. ಒಂದೇ ಗೇಟಿನಲ್ಲಿ ಅಷ್ಟೊಂದು ಹಲ್ಲುನೋವನ್ನು ನಾನು ಕಂಡಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವರ ವರಸೆ. ಸಾಮಾನು ಹೊರಗೆ ಸಾಗಿಸುತ್ತಿದ್ದಾರೆಯೇ? ಹಿಂದಿನಿಂದ ಯಾರಾದರೂ ಎತ್ತಿಕಟ್ಟುತ್ತಿದ್ದಾರೆಯೇ? ನಾನು ಹತ್ತಿರ ಹೋದರೆ ಸಾಕು, ಮಾತು ನಿಲ್ಲುತ್ತಿತ್ತು. ಗುಂಪಿಗೆ ಯಜಮಾನಿಯಂತಿದ್ದ ಮುದುಕಿಯೊಬ್ಬಳು ಕೇಳಿಯೇ ಬಿಟ್ಟಳು: "ಅಲ್ಲ ಮೇಡಮ್ಮ, ನೀ ಯಾರ್ ಕಡೆಯವ್ಳು?" ಯಾರ ಕಡೆಯವಳೂ ಅಲ್ಲ ಎಂದೆ. ಆಕೆ ಎಲೆಯಡಿಕೆ ಉಗುಳಲು ಆಚೆ ಹೋದಳು.

ಅವತ್ತೇ ಮಧ್ಯಾಹ್ನ ಹೂ ಹರಡುವ ಅಂಗಳದಲ್ಲಿ ಒಬ್ಬ ತೆಳ್ಳಗಿನ ಹೆಂಗಸನ್ನು ಅವಳ ಕಾರ್ಡಿನಲ್ಲಿದ್ದ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಪಕ್ಕದವಳು ತಿವಿದ ಮೇಲೆ ತಿರುಗಿದಳು. ಕಾರ್ಡಿನ ಫೋಟೋದಲ್ಲಿದ್ದವಳು ಮಾತ್ರ ಗುಂಡು ಮುಖದವಳು. ಸಂಜೆ ಅವಳು ಹತ್ತಿದ ಬಸ್ಸನ್ನೇ ನಾನೂ ಹತ್ತಿದೆ. ಪತ್ತೇದಾರಿಕೆ ಮಾಡುತ್ತಿದ್ದೇನೆಂದು ನಾಚಿಕೆಯಾಯಿತು, ಆದರೂ ಅವಳು ಇಳಿದಲ್ಲೇ ಇಳಿದು ಹಿಂದೆಯೇ ಹೋದೆ.

ಅವಳು ಹೋಗಿ ನಿಂತ ಮನೆಯ ಜಗುಲಿಯ ಮೇಲೆ ಫೋಟೋದ ಗುಂಡು ಮುಖದವಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಮಡಿಲಲ್ಲಿ ಹಸುಗೂಸು. ನನ್ನನ್ನು ಕಂಡವಳೇ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಕೂಸೇ ಕದ್ದ ಮಾಲು ಎನ್ನುವ ಹಾಗೆ. ಅದೇ ಬಸ್ಸಿನಲ್ಲಿ ಬಂದಿದ್ದ ಮುದುಕಿ ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದಳು.

"ಬತ್ತೀಯ ಅಂತ ಗೊತ್ತಿತ್ತು ಬುಡು. ಇವ್ಳು ಬಾಣಂತಿ. ಕಂಟ್ರಾಕ್ಟಿನೋರು ಬಾಣಂತಿಗ ರಜ ಕೊಟ್ಟರಾ? ಜಾಗ ಬುಟ್ರ ಇನ್ನೊಬ್ರನ್ನ ತಕ್ಕತಾರ. ಅದ್ಕ ಅವ್ಳು ಬದ್ಲು ನಿಂತವ್ಳ. ಅವ್ಳ ಅರಿಸ್ನದ ವಲ್ದಲ್ಲಿ ಇವ್ಳು ಕಳೆ ಕೀಳ್ನಿಲ್ವಾ? ಮುಯ್ಯಾಳು ಕನವ್ವ. ಕೆಲ್ಸ ಏನಾದ್ರೂ ನಿಂತೋಯ್ತಾ, ನೀನೇ ಯೋಳು."

ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎನ್ನುವ ಮುಯ್ಯಾಳನ್ನು ಇವರು ಕಾರ್ಖಾನೆಗೂ ತಂದಿದ್ದರು. ಹೀಗೆ ಇನ್ನೂ ಕೆಲವರಿದ್ದರು. ಅವರ ಕಣ್ಣಿಗೆ ಅದು ಮರ್ಯಾದೆ. ಕಂಪನಿಯ ಕಣ್ಣಿಗೆ ಒಬ್ಬಳ ಹೆಸರಲ್ಲಿ ಇನ್ನೊಬ್ಬಳು ಬರುವ ಮೋಸ. ಸಿಕ್ಕಿಬಿದ್ದರೆ ಬಾಣಂತಿಯ ಜಾಗವೂ ಹೋಗುತ್ತಿತ್ತು, ತೆಳ್ಳಗಿನವಳ ಮೇಲೆ ದೂರೂ ಆಗುತ್ತಿತ್ತು. "ಎಲ್ರಿಗೂ ಒಬ್ರು ಇರ್ತಾರ ಕನವ್ವ, ಬದ್ಲು ನಿಂತ್ಕಳಕ್ಕ," ಎಂದಳು ಮುದುಕಿ.

ಮರುದಿನ ಯಾರ ಸುದ್ದಿಯನ್ನೂ ಎತ್ತದೆ ಮ್ಯಾನೇಜರಿಗೆ ಒಂದು ದಾರಿ ಹೇಳಿದೆ. ಪ್ರತಿಯೊಬ್ಬಳೂ ತನಗೊಬ್ಬ ಬದಲಿ ಆಳನ್ನು ತೋರಿಸಲಿ, ಇಬ್ಬರ ಮುಖವನ್ನೂ ಯಂತ್ರ ಕಲಿಯಲಿ, ಯಾರು ಬಂದರೂ ಕೆಲಸ ನಡೆಯಲಿ. ಅವರು ತಕ್ಷಣ ಒಪ್ಪಿದರು. "ಸೂಪರ್ ಐಡಿಯಾ ಮೇಡಂ. ಈಗಾಗಲೇ ಬದಲಿಗೆ ಬರ್ತಿರೋರು ಸೋಮವಾರ ಮೊದಲು ಬರಲಿ."

ಈಗಾಗಲೇ ಯಾರೋ ಬರುತ್ತಿದ್ದಾರೆಂದು ನಾನು ಹೇಳಿಯೇ ಇರಲಿಲ್ಲ. ಈ ಮನುಷ್ಯನಿಗೆ ಎಲ್ಲ ಗೊತ್ತಿದೆ, ಯಾರು ಎಂಬುದಷ್ಟೇ ಗೊತ್ತಿಲ್ಲ. ಅದನ್ನು ಹೆಕ್ಕಿಕೊಡಲು ನನ್ನನ್ನು ಕರೆಸಿದ್ದಾನೆ. ಮೈ ಉರಿದುಹೋಯಿತು. ಊಟದ ಹೊತ್ತಿಗೆ ಹೆಂಗಸರ ನಡುವೆ ಕೂತು ಅವರು ಒಪ್ಪಿದ್ದನ್ನೂ ಹೇಳಿದೆ, ಆ 'ಈಗಾಗಲೇ'ಯನ್ನೂ ಹೇಳಿದೆ. "ನನಗೆ ಅವರ ಮೇಲೆ ನಂಬಿಕೆ ಇಲ್ಲ," ಎಂದೆ.

"ನಮ್ಗ ನಿನ್ ಮ್ಯಾಲೂ ಇಲ್ಲ ಕನವ್ವ," ಎಂದು ಮುದುಕಿ ಬುತ್ತಿಯ ಮುದ್ದೆ ಮುರಿದಳು.

ಸೋಮವಾರ ಗೇಟಿನ ಬಳಿ ಜನವೋ ಜನ. ಒಂದು ದಿನವೂ ತಪ್ಪಿಸದವಳೂ ಜೊತೆಗೊಬ್ಬಳನ್ನು ಕರೆತಂದಿದ್ದಳು. ಓರಗಿತ್ತಿ, ನಾದಿನಿ, ಪಕ್ಕದ ಮನೆಯವಳು. ಮುದುಕಿಯ ಜೊತೆ ಅವಳ ಸೊಸೆ. ಯಾರ ಮುಖದ ಮೇಲೂ ಟವೆಲಿಲ್ಲ, ಎಲ್ಲರೂ ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಗುಂಪಿನ ನಡುವೆ ಬಾಣಂತಿ, ಪಕ್ಕದಲ್ಲಿ ತೆಳ್ಳಗಿನವಳು. "ಈಗಾಗಲೇ ಬರ್ತಿರೋರು ಯಾರಮ್ಮ?" ಎಂದರು ಮ್ಯಾನೇಜರು. "ನಾವೇಯ," ಎಂದು ಅಷ್ಟೂ ಜನ ಕೈ ಎತ್ತಿದರು. ಅಷ್ಟೂ ಜನರನ್ನು ಕೆಲಸದಿಂದ ಬಿಡಿಸಿದರೆ ಹೂವು ಗುಂಡಿಯಲ್ಲೇ ಕೊಳೆಯಬೇಕು. ಯಂತ್ರ ಒಂದೊಂದೇ ಜೋಡಿಯನ್ನು ಕಲಿಯುತ್ತಾ ಹೋಯಿತು. ಬಾಣಂತಿಯ ಜಾಗ ಉಳಿಯಿತು.

"ನೀವೇ ಹೇಳಿಕೊಟ್ಟಿದ್ದು ತಾನೇ?" ಎಂದರು ಮ್ಯಾನೇಜರು. ಇಲ್ಲ ಎಂದೆ. ಅವರು ನಂಬಲಿಲ್ಲ.

ಸಂಜೆ ಬಸ್ಸಿಗೆ ಕಾಯುವಾಗ ಮುದುಕಿಯನ್ನು ಕೇಳಿದೆ. "ನನಗಾದರೂ ಮೊದಲೇ ಒಂದು ಮಾತು ಹೇಳಬಾರದಿತ್ತಾ?" ನಿಜಕ್ಕೂ ನೋವಾಗಿತ್ತು.

"ನಿನ್ ಮೊಖದಲ್ಲೇ ಎಲ್ಲ ಕಾಣ್ತದ ಕನವ್ವ, ಯೋಳಿದ್ರ ಕೆಟ್ಟೋಗದು." ಆಮೇಲೆ ನನ್ನನ್ನೇ ದಿಟ್ಟಿಸಿ ಕೇಳಿದಳು. "ಅದಿರ್ಲಿ, ನಿನ್ ಬದ್ಲು ನಿಂತ್ಕಳೋರು ಯಾರು?"

ಅಕ್ಕನ ನೆನಪಾಯಿತು. ತಾಯಿಯ ಬಳೆ ಅವಳೇ ಇಟ್ಟುಕೊಂಡಳೆಂಬ ಗುಮಾನಿಯಲ್ಲಿ ಮಾತು ಬಿಟ್ಟಿದ್ದೆ. ಎದುರು ಮನೆಯವಳಿಗೆ ಒಂದು ದಿನವೂ ಬೀಗದ ಕೈ ಕೊಟ್ಟವಳಲ್ಲ.

"ಯಾರೂ ಇಲ್ಲ," ಎಂದೆ.

"ಸುಮ್ಕಿರವ್ವ, ಸುಳ್ಳ ಯೋಳ್ಬ್ಯಾಡ," ಎಂದು ನಗುತ್ತಾ ಮುದುಕಿ ಬಸ್ಸು ಹತ್ತಿದಳು.